ಶೇಕಡಾ 40 ಸರಿ, ಯಾವುದರ ಶೇಕಡಾ 40?

ಅಮೆರಿಕದ ಸೆನೆಟ್‌ನ ವಾಣಿಜ್ಯ, ವಿಜ್ಞಾನ ಮತ್ತು ಸಾರಿಗೆ ಸಮಿತಿಯ ಸದಸ್ಯರಿಗೆ ಬಹಿರಂಗ ಪತ್ರ

ಮಾನ್ಯರೇ,

ದೊಡ್ಡ ಬಾಕ್ಸಿಂಗ್ ಪಂದ್ಯ ಕುದುರಿತೆಂದರೆ ಸುದ್ದಿಯಾಗುವುದು ಎರಡು ಅಂಕಿ ಮಾತ್ರ. 2015ರ ಮೇ 2ರಂದು ಲಾಸ್ ವೇಗಸ್‌ನಲ್ಲಿ ನಡೆದ ಮೇವೆದರ್–ಪಕ್ವಿಯಾವೊ ಪಂದ್ಯದ ಗಳಿಕೆಯ ಹಂಚಿಕೆ 60–40 ಎಂಬುದು ಬಾಕ್ಸಿಂಗ್ ನೋಡುವವರಿಗೆಲ್ಲ ಗೊತ್ತು. ಆದರೆ ಹೀಗೆ ಹಂಚುವ ನೂರು ಯಾವುದು, ಅದರಿಂದ ಮೊದಲೇ ಏನೇನು ಕಳೆದಿರುತ್ತಾರೆ ಎಂಬುದು ಒಪ್ಪಂದದ ಒಳಪುಟಗಳಲ್ಲೇ ಉಳಿದುಬಿಡುತ್ತದೆ. ಬಾಕ್ಸರ್‌ಗಳ ರಕ್ಷಣೆಗೆಂದು ಮಾಡಿದ 2000ರ ಮುಹಮ್ಮದ್ ಅಲಿ ಬಾಕ್ಸಿಂಗ್ ಸುಧಾರಣಾ ಕಾಯ್ದೆಯನ್ನು ತಿದ್ದುವ ಮಾತು ಈಗ ಎದ್ದಿದೆ. ತಿದ್ದುವುದಾದರೆ ಈ ಒಳಪುಟಗಳಿಂದ ಶುರುಮಾಡಿ.

ಲೆಕ್ಕಕ್ಕೆಂದು ಒಂದು ಪಂದ್ಯವನ್ನು ಊಹಿಸಿಕೊಳ್ಳೋಣ. 5 ಲಕ್ಷ ಮನೆಗಳು ತಲಾ 80 ಡಾಲರ್ ಕೊಟ್ಟು ಪೇ-ಪರ್-ವ್ಯೂ (ಆ ಪಂದ್ಯಕ್ಕೆಂದೇ ಹಣ ಕೊಟ್ಟು ನೋಡುವ ಟಿವಿ ಪ್ರಸಾರ) ಕೊಂಡವು; 4 ಕೋಟಿ ಡಾಲರ್ ಆಯಿತು. ಕೇಬಲ್ ಮತ್ತು ಉಪಗ್ರಹ ಕಂಪನಿಗಳು ಹೆಚ್ಚುಕಡಿಮೆ ಅರ್ಧ ಹಿಡಿದುಕೊಳ್ಳುವುದು ಹಳೆಯ ರೂಢಿ, ಹಾಗಾಗಿ ಉಳಿದದ್ದು 2 ಕೋಟಿ. ಟಿಕೆಟ್‌ನಿಂದ 1 ಕೋಟಿ, ವಿದೇಶಿ ಪ್ರಸಾರದಿಂದ 30 ಲಕ್ಷ, ಪ್ರಾಯೋಜಕರಿಂದ 20 ಲಕ್ಷ ಸೇರಿದರೆ ಒಟ್ಟು 3.5 ಕೋಟಿ. ಅಂಡರ್‌ಕಾರ್ಡ್ (ಮುಖ್ಯ ಪಂದ್ಯಕ್ಕೆ ಮುಂಚಿನ ಸಣ್ಣ ಪಂದ್ಯಗಳ) ಬಾಕ್ಸರ್‌ಗಳ ಪರ್ಸ್ ಅಂದರೆ ಸಂಭಾವನೆ, ಪ್ರಸಾರದ ತಾಂತ್ರಿಕ ವೆಚ್ಚ, ಪ್ರಚಾರ, ಅಂಗಣದ ಬಾಡಿಗೆ, ವಿಮೆ ಎಲ್ಲ ಸೇರಿ ಖರ್ಚು 1.1 ಕೋಟಿ ಎಂದಿಟ್ಟುಕೊಳ್ಳಿ. ಹಂಚಲು 2.4 ಕೋಟಿ ಸಿಕ್ಕಿ, ಶೇಕಡಾ 40ರವನಿಗೆ 96 ಲಕ್ಷ ಬರುತ್ತದೆ. ಅದೇ ಖರ್ಚನ್ನು 1.5 ಕೋಟಿ ಎಂದು ಬರೆದರೆ ಅವನಿಗೆ ಬರುವುದು 80 ಲಕ್ಷ. ಮೊದಲಿನ 2.4 ಕೋಟಿಯಲ್ಲಿ ಅದು ಬರೀ ಮೂರನೇ ಒಂದು ಭಾಗ. ವಾರಗಟ್ಟಲೆ ಹಟಹಿಡಿದು 38ನ್ನು 40ಕ್ಕೆ ಏರಿಸಿದ ಮ್ಯಾನೇಜರ್ ಗೆದ್ದೆನೆಂದುಕೊಂಡಿರುತ್ತಾನೆ. ಖರ್ಚಿನ ಪಟ್ಟಿ ಆ ಗಳಿಕೆಯ ಮೂರರಷ್ಟಕ್ಕೂ ಮಿಗಿಲಾಗಿ ತಿಂದುಹಾಕಿರುತ್ತದೆ.

ಆ ಪಟ್ಟಿ ಉಬ್ಬುವ ದಾರಿಗಳು ಹೊಸವೇನಲ್ಲ. ಪ್ರೊಮೋಟರ್, ಅಂದರೆ ಪಂದ್ಯ ಏರ್ಪಡಿಸುವವನು, ತಾನು ಬೆಳೆಸುತ್ತಿರುವ ಹೊಸ ಹುಡುಗರನ್ನೇ ಅಂಡರ್‌ಕಾರ್ಡ್‌ನಲ್ಲಿ ಇಳಿಸಿ, ಅವರ ಪರ್ಸನ್ನು ಮುಖ್ಯ ಪಂದ್ಯದ ಲೆಕ್ಕಕ್ಕೆ ಹಾಕಬಹುದು. ಪ್ರಸಾರದ ಕೆಲಸ ತನ್ನದೇ ಇನ್ನೊಂದು ಕಂಪನಿಗೆ ಹೋಗಬಹುದು, ಬಿಲ್ಲಿನ ಮೊತ್ತ ಅವರವರಲ್ಲೇ ತೀರ್ಮಾನವಾಗುತ್ತದೆ. ಪ್ರೊಮೋಟರ್ ಶುಲ್ಕವನ್ನು ಹಂಚಿಕೆಗೆ ಮೊದಲೇ ತೆಗೆದಿಟ್ಟುಕೊಳ್ಳಬಹುದು. ಅಳೆಯುವ ಸೇರೂ ಅವರದೇ, ಸುರಿಯುವ ಕೈಯೂ ಅವರದೇ.

ಶೇಕಡಾವಾರು ಸ್ಪಷ್ಟವಾಗಿ ಕಾಣುವುದು ಪರ್ಸ್ ಬಿಡ್‌ನಲ್ಲಿ, ಅಂದರೆ ಬಾಕ್ಸರ್‌ಗಳಿಗೆ ಒಟ್ಟು ಎಷ್ಟು ಕೊಡುತ್ತೇವೆಂದು ಪ್ರೊಮೋಟರ್‌ಗಳು ಮುಚ್ಚಿದ ಲಕೋಟೆಯಲ್ಲಿ ಬರೆದು, ಪಂದ್ಯ ನಡೆಸುವ ಹಕ್ಕಿಗೆ ಪೈಪೋಟಿ ಮಾಡುವ ಹರಾಜಿನಲ್ಲಿ. 2022ರ ಜನವರಿಯಲ್ಲಿ ಟೈಸನ್ ಫ್ಯೂರಿ–ಡಿಲಿಯನ್ ವೈಟ್ ಪಂದ್ಯಕ್ಕೆ ಪ್ರೊಮೋಟರ್ ಫ್ರಾಂಕ್ ವಾರನ್ ಅವರ ಸಂಸ್ಥೆ 4,10,25,000 ಡಾಲರ್ ಬಿಡ್ ಸಲ್ಲಿಸಿ ಗೆದ್ದಿತು. ಶೇಕಡಾ 10, ಅಂದರೆ 41,02,500 ಡಾಲರ್ ಪಂದ್ಯ ಗೆದ್ದವನ ಬೋನಸ್‌ಗೆಂದು ಬದಿಗಿಟ್ಟರು. ಉಳಿದದ್ದರಲ್ಲಿ, ವಿಶ್ವ ಚಾಂಪಿಯನ್ ಪಟ್ಟ ನೀಡುವ ಸಂಸ್ಥೆ ಡಬ್ಲ್ಯುಬಿಸಿ ನಿಗದಿ ಮಾಡಿದ 80–20ರಂತೆ ಫ್ಯೂರಿಗೆ 2,95,38,000, ವೈಟ್‌ಗೆ 73,84,500. ಪಂದ್ಯ ನಡೆದದ್ದು ಲಂಡನ್ನಿನಲ್ಲಿ, ನಿಮ್ಮ ಕಾಯ್ದೆಯ ವ್ಯಾಪ್ತಿಯ ಹೊರಗೆ, ನಿಜ. ಆದರೆ ಲಕೋಟೆ ಒಡೆದ ದಿನವೇ ಕೊನೆಯ ಡಾಲರ್‌ವರೆಗೂ ಲೆಕ್ಕ ಸಿಕ್ಕಿತು. ಖರ್ಚು ಏರಿದರೆ ಅದು ಬಿಡ್ ಗೆದ್ದವನ ತಲೆನೋವು. ಹಾಗಿದ್ದೂ ದೊಡ್ಡ ಬಾಕ್ಸರ್‌ಗಳು ಪರ್ಸ್ ಬಿಡ್ ಬೇಡವೆನ್ನುವುದಕ್ಕೆ ಕಾರಣವಿದೆ: ಪೇ-ಪರ್-ವ್ಯೂ ನಿರೀಕ್ಷೆ ಮೀರಿ ಓಡಿದರೆ ಆ ಲಾಭವೂ ಬಿಡ್ ಗೆದ್ದವನಿಗೇ.

ಪರ್ಸ್ ಬಿಡ್ ಇಲ್ಲದ ಕಡೆ ಸಾಮಾನ್ಯವಾಗಿ ಇರುವುದು ಗ್ಯಾರಂಟಿ (ಖಚಿತವಾಗಿ ಸಿಗುವ ಕನಿಷ್ಠ ಮೊತ್ತ) ಮತ್ತು ಅದರ ಮೇಲೊಂದು ಪಾಲು. ಇಲ್ಲಿ ಎಡವುವುದು ಒಂದೇ ಪದದ ಮೇಲೆ. ಗ್ಯಾರಂಟಿ ಪಾಲಿನ ‘ಜೊತೆಗೆ’ ಬರುತ್ತದೆಯೋ, ಪಾಲಿನ ‘ಮುಂಗಡ’ವಾಗಿ ಬರುತ್ತದೆಯೋ? ಮುಂಗಡವಾದರೆ ಅದು ತೀರುವತನಕ ಮೇಲಿನ ಪಾಲು ಸೊನ್ನೆ. 2022ರಲ್ಲಿ ಎರೋಲ್ ಸ್ಪೆನ್ಸ್ ವಿರುದ್ಧದ ಪಂದ್ಯದ ಮಾತುಕತೆ ಮುರಿದಾಗ ಬಾಕ್ಸರ್ ಟೆರೆನ್ಸ್ ಕ್ರಾಫರ್ಡ್ ಬಹಿರಂಗವಾಗಿಯೇ ಹೇಳಿದರು: ಗ್ಯಾರಂಟಿ ಇಲ್ಲದೆಯೂ, ಸಣ್ಣ ಪಾಲಿಗೂ ಒಪ್ಪಿದ್ದೆ, ಖರ್ಚಿನ ಲೆಕ್ಕ ಪಾರದರ್ಶಕವಾಗಿರಲಿ ಎಂದು ಕೇಳಿದ್ದೆ. ಕೊನೆಗೆ ಆ ಪಂದ್ಯ ನಡೆದದ್ದು 2023ರ ಜುಲೈ 29ರಂದು.

(ಶೇಕಡಾವಾರು ಬಿಟ್ಟುಕೊಟ್ಟು ಬೇರೇನೋ ಪಡೆಯುವ ಚೌಕಾಸಿಯೂ ಉಂಟು. 1987ರಲ್ಲಿ ಬಾಕ್ಸರ್ ಶುಗರ್ ರೇ ಲಿಯೊನಾರ್ಡ್ ಹಣದಲ್ಲಿ ಎದುರಾಳಿ ಮಾರ್ವಿನ್ ಹ್ಯಾಗ್ಲರ್‌ಗೆ ಮೇಲುಗೈ ಬಿಟ್ಟು 12 ಸುತ್ತು, 20 ಅಡಿಯ ರಿಂಗ್, 10 ಔನ್ಸ್ ಗ್ಲೌಸ್ ಪಡೆದರು, ಪಂದ್ಯವನ್ನೂ ಗೆದ್ದರು. ಅಂಥದಕ್ಕೆ ಕಾನೂನು ತಲೆಹಾಕಬೇಕಿಲ್ಲ.)

ಈಗ ಕಾಯ್ದೆಯ ಮಾತು. ತಾನು ಪ್ರೊಮೋಟ್ ಮಾಡುವ ಬಾಕ್ಸರ್‌ಗೆ, ಆ ಪಂದ್ಯದಿಂದ ತನಗೆ ಒಪ್ಪಂದದಂತೆ ಬರುವ ಮೊತ್ತ, ಬಾಕ್ಸರ್ ಮೇಲೆ ಹೊರಿಸಿದ ಶುಲ್ಕ–ಖರ್ಚು, ಪರ್ಸ್‌ನಲ್ಲಿ ಮಾಡಿದ ಕಡಿತ ಇವನ್ನು ತಿಳಿಸದೆ ಪ್ರೊಮೋಟರ್ ಹಣ ಪಡೆಯುವಂತಿಲ್ಲ ಎಂದು ಅದು ಹೇಳುತ್ತದೆ. ಆಶಯ ಒಳ್ಳೆಯದೇ, ತೂತು ಮೂರು. ‘ತಾನು ಪ್ರೊಮೋಟ್ ಮಾಡುವ’ ಎಂದದ್ದರಿಂದ ಬೇರೆ ಪ್ರೊಮೋಟರ್ ಕಡೆಯ ಎದುರಾಳಿಗೆ ಆ ಲೆಕ್ಕ ಕೇಳುವ ದಾರಿಯಿಲ್ಲ. ಹಣ ಪಡೆಯುವ ಮುನ್ನ ತಿಳಿಸಿದರೆ ಸಾಕಾದ್ದರಿಂದ, ಸಹಿ ಬಿದ್ದು ತಿಂಗಳುಗಳಾಗಿ, ತರಬೇತಿ ಮುಗಿದು, ತೂಕ ಇಳಿಸುವ ಹೊತ್ತಿಗೆ ಕಾಗದ ಕೈಗೆ ಬಂದರೂ ಕಾಯ್ದೆಯನ್ನು ಪಾಲಿಸಿದಂತೆಯೇ. ಇನ್ನು ಪೇ-ಪರ್-ವ್ಯೂ ಅಂತಿಮ ಸಂಖ್ಯೆ ಗೊತ್ತಾಗುವುದೇ ಪಂದ್ಯ ಮುಗಿದ ಮೇಲೆ; ಆ ಲೆಕ್ಕದ ಬಗ್ಗೆ ಈ ಸಾಲುಗಳು ಮೌನ.

ಆದ್ದರಿಂದ ಇಷ್ಟು ಬರೆಯಿರಿ. ಹಂಚಿಕೆಯ ಮೂಲ ಮೊತ್ತದ ವ್ಯಾಖ್ಯೆ, ಕಳೆಯಬಹುದಾದ ಖರ್ಚಿನ ಬಾಬ್ತುಗಳು ಮತ್ತು ಅವುಗಳ ಗರಿಷ್ಠ ಮಿತಿ ಸಹಿಗೆ ಮುನ್ನವೇ ಇಬ್ಬರೂ ಬಾಕ್ಸರ್‌ಗಳ ಕೈಗೆ ಬರಲಿ. ಪ್ರೊಮೋಟರ್‌ಗೆ ಸಂಬಂಧಪಟ್ಟ ಕಂಪನಿಗಳ ಬಿಲ್ಲುಗಳನ್ನು ಬೇರೆಯಾಗಿ ಗುರುತಿಸಲಿ. ಪಂದ್ಯವಾಗಿ 90 ದಿನದೊಳಗೆ ಅಂತಿಮ ಲೆಕ್ಕ, ಆಮೇಲೆ ಒಂದು ವರ್ಷ ಆಡಿಟ್ ಮಾಡಿಸುವ ಹಕ್ಕು.

2025ರಲ್ಲಿ ನಿಮ್ಮ ಸಂಸತ್ತಿನ ಕೆಳಮನೆಯಾದ ಹೌಸ್‌ನಲ್ಲಿ ಮಂಡನೆಯಾದ, ಈ ಕಾಯ್ದೆಯನ್ನು ತಿದ್ದುವ ಮಸೂದೆ, ಶ್ರೇಯಾಂಕ, ಬೆಲ್ಟ್ (ಚಾಂಪಿಯನ್ ಪಟ್ಟ) ಮತ್ತು ಪ್ರೊಮೋಷನ್ ಮೂರನ್ನೂ ಒಂದೇ ಸೂರಿನಡಿ ನಡೆಸುವ ಸಂಸ್ಥೆಗಳಿಗೆ ದಾರಿ ಮಾಡುತ್ತದೆ. ಅಂಥ ಕಡೆ ಎದುರು ಬಿಡ್ ಹಾಕುವವರು ಯಾರು? ಪರ್ಸ್ ಬಿಡ್ ಇರುವುದಿಲ್ಲ, ಬಾಕ್ಸರ್ ಕೈಯಲ್ಲಿ ಉಳಿಯುವುದು ಆ ಲೆಕ್ಕದ ಹಾಳೆಯೊಂದೇ. ಅದು ಆ ಸಂಸ್ಥೆಗಳಿಗೂ ಕಡ್ಡಾಯವೆಂಬ ಸಾಲು ಮಸೂದೆಯಲ್ಲಿ ಎಲ್ಲಿದೆ ಎಂದು ಮತ ಹಾಕುವ ಮುನ್ನ ಹುಡುಕಿ ನೋಡಿ.

ವಂದನೆಗಳೊಂದಿಗೆ,
ಬಾಕ್ಸಿಂಗ್ ಒಪ್ಪಂದಗಳ ಲೆಕ್ಕ ಓದುವವರು