ಕಾಸರಗೋಡಿಗೆ ಎರಡೇ ಸಾಲು ಸಾಕೇ?

ಮಾನ್ಯರೇ,

ಭಾಷಾವಾರು ರಾಜ್ಯಗಳ ಬಗ್ಗೆ ಸಂಶೋಧನೆ ಜಾಸ್ತಿಯೇ ಆಗುತ್ತಿದೆ. ಆದರೆ ಕಾಸರಗೋಡು ಬಂದಾಗ ಎರಡೇ ಸಾಲು: 1956ರಲ್ಲಿ ಕೇರಳಕ್ಕೆ ಸೇರಿತು, 1967ರಲ್ಲಿ ರಾಜ್ಯಗಳ ಗಡಿ ವಿವಾದ ನೋಡಿದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಬಡಗು ಭಾಗ ಮೈಸೂರು ರಾಜ್ಯಕ್ಕೆ (ಈಗಿನ ಕರ್ನಾಟಕಕ್ಕೆ) ಸೇರಲಿ ಎಂದಿತು. ಮುಗೀತು! ಆಮೇಲೆ ನಾವು ಬದುಕಿಲ್ವಾ?

ಕಾಸರಗೋಡು ಜಿಲ್ಲೆಯ ಪೆರ್ಲದ ನಮ್ಮ ಮನೆಯಲ್ಲಿ, ಊರು ಮದ್ರಾಸಿಗೆ ಸೇರಿದ್ದ ಕಾಲದ ಪಾಲುಪಟ್ಟಿ ಇದೆ, ಕನ್ನಡದಲ್ಲಿ. ಅದೇ ಅಡಿಕೆ ತೋಟಕ್ಕೆ ಈಚೆಗೆ ಬಂದ ನೋಟಿಸ್ ಮಲಯಾಳದಲ್ಲಿದೆ. ಓದಿ ಹೇಳಲು ಮೊಮ್ಮಗಳೇ ಬೇಕು. ಸಂವಿಧಾನದ 350ನೇ ವಿಧಿ ಪ್ರಕಾರ ದೂರನ್ನು ಕನ್ನಡದಲ್ಲೇ ಕೊಡಬಹುದು. ಉತ್ತರ ಯಾವ ಭಾಷೆಯಲ್ಲಿ ಬರಬೇಕು ಅಂತ ಅದರಲ್ಲಿಲ್ಲ. ಕಾನೂನು ಓದಿದವರು ಇದನ್ನಲ್ಲವೇ ಕೆದಕಬೇಕಾದ್ದು?

ವಿಶ್ವವಿದ್ಯಾಲಯಗಳು ಸುಮ್ನೆ ಆಯೋಗದ ವರದಿಗಳನ್ನೇ ತಿರುವಿ ಹಾಕುವ ಬದಲು ಇಂಥ ಮನೆಗಳಿಗೆ ವಿದ್ಯಾರ್ಥಿಗಳನ್ನು ಕಳಿಸಲಿ. ಹಳೆ ಕಾಗದಗಳಿಗೆ ಗೆದ್ದಲು ಹಿಡಿಯುವ ಮೊದಲೇ ಬಂದರೆ ಒಳ್ಳೆಯದು.

– ನಿವೃತ್ತ ಅಧ್ಯಾಪಕಿ, ಪೆರ್ಲ