ನಡೆದ ಲೆಕ್ಕವನ್ನು ಎರಡು ಸಲ ಹಿಡಿಯಬೇಡಿ

ಸಂಪಾದಕರೇ,

ಬೆಳಿಗ್ಗೆ ಆರಕ್ಕೆ ನಮ್ಮ ಹಾಸನದ ಮಹಾರಾಜ ಪಾರ್ಕಿಗೆ ಹೋದರೆ ಖುಷಿಯಾಗುತ್ತದೆ, ಅಷ್ಟು ಜನ ವಾಕಿಂಗ್ ಮಾಡುತ್ತಾರೆ. ಆದರೆ 'ತಿಂಗಳಾಯ್ತು, ತೂಕ ಇಳಿದಿಲ್ಲ' ಅನ್ನುವವರೂ ಬೇಕಾದಷ್ಟು ಸಿಗುತ್ತಾರೆ.

ನನ್ನ ಅಕ್ಕನದೂ ಇದೇ ಕಥೆ. ಊಟದ ಲೆಕ್ಕ ಇಡುವ ಆ್ಯಪ್‌ನಲ್ಲಿ ದಿನಕ್ಕೆ 1,500 ಕ್ಯಾಲೊರಿ ಮಾತ್ರ ತಿನ್ನುವ ಗುರಿ ಇಟ್ಟುಕೊಂಡಿದ್ದಳು. ಕೈಗೆ ಕಟ್ಟಿದ ವಾಚು '450 ಕರಗಿತು' ಅಂದ ತಕ್ಷಣ ಗುರಿಯ ಮೇಲೆ ಅಷ್ಟನ್ನೂ ತಿಂದುಬಿಡುತ್ತಿದ್ದಳು. ವಾಚಿನದು ಬರೀ ಅಂದಾಜು, ಎಷ್ಟೋ ಸಲ ಜಾಸ್ತಿಯೇ ತೋರಿಸುತ್ತದೆ. 70 ಕೆ.ಜಿ. ಇರುವವರು ಒಂದು ಗಂಟೆ ಬಿರುಸಾಗಿ ನಡೆದರೂ ಕರಗುವುದು ಸುಮಾರು 300. ಗುರಿ ಹಾಕುವಾಗಲೇ 'ದಿನಾ ವ್ಯಾಯಾಮ ಮಾಡ್ತೀನಿ' ಅಂತ ತುಂಬಿದ್ದರೆ ಆ ನಡಿಗೆ ಅದರೊಳಗೇ ಸೇರಿರುತ್ತದೆ, ಮತ್ತೆ ಕೂಡಿಸಿದರೆ ಒಂದೇ ನಡಿಗೆಗೆ ಎರಡು ಸಲ ತಿಂದಂತೆ, ಅಲ್ವಾ?

ಇನ್ನು ಒಗ್ಗರಣೆ. ಒಂದು ದೊಡ್ಡ ಚಮಚ ಎಣ್ಣೆಯಲ್ಲೇ 120 ಕ್ಯಾಲೊರಿ ಇದೆ. ಅಕ್ಕ ಮುದ್ದೆ ಅಳೆಯುತ್ತಿದ್ದಳು, ಬಾಣಲೆಗೆ ಎಣ್ಣೆ ಮಾತ್ರ ಕೈಯಂದಾಜಿನಲ್ಲಿ ಸುರಿಯುತ್ತಿದ್ದಳು. ಚಮಚದಲ್ಲಿ ಹಾಕಲು ಶುರು ಮಾಡಿದ ಮೇಲೆಯೇ ತೂಕ ಅಲುಗಿದ್ದು.

ನಾನು ಉಲ್ಟಾ ತಪ್ಪು ಮಾಡಿದ್ದೆ. ರಾತ್ರಿ ಊಟ ಬಿಟ್ಟು, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಓಡಿ, ಒಂದು ದಿನ ಪಾರ್ಕಿನ ಬೆಂಚ್ ಹಿಡಿದುಕೊಂಡೇ ಕುಸಿದೆ. ದಯವಿಟ್ಟು ಹಾಗೆ ಮಾಡಬೇಡಿ. ಓಡಿ ಬಂದು ತುಂಬಾ ಹಸಿವಾದರೆ ಕರಗಿದ್ದರಲ್ಲಿ ಅರ್ಧದಷ್ಟು ತಿನ್ನಿ, ಮೊಳಕೆ ಕಾಳೋ ಮೊಟ್ಟೆಯೋ ಸಾಕು. ಎರಡು ಮೂರು ವಾರ ತೂಕ ನೋಡಿಕೊಂಡು ಲೆಕ್ಕ ಸರಿಮಾಡಿಕೊಳ್ಳಿ. ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ಳುವವರು ಮೊದಲು ಡಾಕ್ಟರನ್ನು ಕೇಳಿ.

– ಓದುಗ, ಹಾಸನ