ಔಷಧಿ ಡ್ರಮ್ಮು ಹಳ್ಳದಲ್ಲಿ ತೊಳೆಯಬೇಡಿ

ಎಲ್ಲರಿಗೂ ನಮಸ್ಕಾರ. ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯುವ ಕೆಲಸ ಶುರುವಾಗಿದೆ, ಅದಕ್ಕೇ ಈ ಮಾತು. ಮೊನ್ನೆ ನಮ್ಮ ತೋಟದ ಕೆಳಗಿನ ಹಳ್ಳದಲ್ಲಿ ಯಾರೋ ಮೈಲುತುತ್ತಿನ (ಆ ಔಷಧಿಗೆ ಹಾಕುವ ತಾಮ್ರದ ಸಲ್ಫೇಟ್) ಡ್ರಮ್ಮು ತೊಳೆದಿದ್ದರು. ಕಲ್ಲಿನ ಸಂದಿಯಲ್ಲಿ ನೀಲಿ ನೀರು ನಿಂತಿತ್ತು. ಪಕ್ಕದಲ್ಲೇ ಒಂದು ಸಣ್ಣ ಏಡಿ ಮಗುಚಿ ಬಿದ್ದು ಸತ್ತಿತ್ತು. ತುಂಬಾ ಬೇಜಾರಾಯ್ತು.

ನಮ್ಮ ಹಳ್ಳ ಸೇರುವುದು ಅಘನಾಶಿನಿಗೆ ಅಲ್ವಾ? ಶಿರಸಿಯಲ್ಲಿ ಹುಟ್ಟಿ ಕುಮಟಾ ಹತ್ತಿರ ಸಮುದ್ರ ಸೇರುವ ಈ ಹೊಳೆಗೆ ದೊಡ್ಡ ಅಣೆಕಟ್ಟು ಎಲ್ಲೂ ಇಲ್ಲ. ಇಲ್ಲಿ ಬಿಟ್ಟದ್ದು ಮಳೆಗಾಲದಲ್ಲಿ ಕೆಳಗೆ ಹೋಗಿಯೇ ಹೋಗುತ್ತದೆ. ಅಲ್ಲಿ ಅಳಿವೆಯಲ್ಲಿ, ಅಂದರೆ ಹೊಳೆ ಸಮುದ್ರ ಸೇರುವಲ್ಲಿ, ಬಳಚು ಎಂಬ ಚಿಪ್ಪಿನ ಜೀವಿ ಇದೆ. ನೀರನ್ನು ಸೋಸಿಯೇ ಹೊಟ್ಟೆ ತುಂಬಿಸಿಕೊಳ್ಳುವ ಜೀವ ಅದು. ನೀರಲ್ಲಿ ಇರುವ ವಿಷ ಅದರ ಮೈಗೂ ಸೇರುತ್ತದೆ. ಇಳಿತದ ಹೊತ್ತಿಗೆ ನೀರಿಗಿಳಿದು ಬಳಚು ತೆಗೆದು, ಮಾರಿ ಸಂಸಾರ ನಡೆಸುವ ಮನೆಗಳು ಎಷ್ಟೋ ಇವೆ. ಆ ಅಳಿವೆ ರಾಮ್ಸರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ, ಎಂದು 2024ರಲ್ಲಿ ಘೋಷಣೆಯೂ ಆಗಿದೆ.

ಡ್ರಮ್ಮು ತೊಳೆದ ನೀರನ್ನು ಮುಂದಿನ ಮಿಶ್ರಣಕ್ಕೇ ಹಾಕಿ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡರಿಗೂ ದಯವಿಟ್ಟು ಹೇಳಿಬಿಡಿ. ಹಳ್ಳದ ದಂಡೆಯ ಮುಂಡಿಗೆ (ಕೇದಿಗೆ ಜಾತಿಯ ಗಿಡ) ಸವರಬೇಡಿ, ಮಣ್ಣು ಹಿಡಿದು ನಿಲ್ಲಿಸುವುದು ಅದರ ಬೇರೇ. ಜೆಸಿಬಿಯಲ್ಲಿ ಧರೆ (ಗುಡ್ಡದ ಇಳಿಜಾರು) ಕಡಿಸಿದವರು ಸುಮ್ನೆ ಆ ಮಣ್ಣನ್ನು ಹಳ್ಳಕ್ಕೆ ದೂಡಬೇಡಿ. ಮಣ್ಣು ಜಾಸ್ತಿ ಹೋದರೆ ಬಳಚು ಅದರಡಿಯಲ್ಲೇ ಹೂತುಹೋಗುತ್ತದೆ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ತೋಟಕ್ಕೆ ಸೊಪ್ಪು ತರುವ ನಮ್ಮ ಸೊಪ್ಪಿನ ಬೆಟ್ಟದಲ್ಲಿ ಮಳೆನೀರು ಇಂಗಿಸುವ ಇಂಗುಗುಂಡಿ ತೆಗೆಯುತ್ತೇವೆ. ಬರುವವರು ಗುದ್ದಲಿ ತನ್ನಿ. ಆಸರಿಗೆ (ಕುಡಿಯಲಿಕ್ಕೆ), ತಿಂಡಿ ನಮ್ಮನೆಯಲ್ಲಿ.